ಶಾಕಾಹಾರಿ ಮನೆಯ ಚೆನ್ನಪ್ಪ

ನಮ್ಮ ಮನೆಯ ಫ್ರೀಜರ್‌ನಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ಅದಕ್ಕೆ ಎರಡು ಕೆಂಪು ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ. ಡಬ್ಬಿ ಒಂದು ಪ್ಲಾಸ್ಟಿಕ್ ಚೀಲದೊಳಗೆ, ಆ ಚೀಲ ಇನ್ನೊಂದು ಚೀಲದೊಳಗೆ. ಅವ್ವನಿಗೆ ಐಸ್ ಬೇಕಾದರೆ ಮೊದಲು ನನ್ನನ್ನು ಕರೆಯುತ್ತಾಳೆ. ನಾನು ಹೋಗಿ ಡಬ್ಬಿ ಹೊರಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಲ್ಲಬೇಕು. ಅವಳು ಐಸ್ ತೆಗೆದುಕೊಂಡು ಆ ಕಡೆ ಹೋದ ಮೇಲೆ ವಾಪಸ್ ಇಡಬೇಕು. ಡಬ್ಬಿಯಲ್ಲಿ ಇರುವುದು ಕಾಲು ಕೆಜಿ ಸಿಗಡಿ. ಸಿಪ್ಪೆ ಬಿಡಿಸಿ ಸಣ್ಣಗೆ ಹೆಚ್ಚಿದ್ದು. ನಮ್ಮ ಮನೆಯಲ್ಲಿ ನನಗೆ ಗೊತ್ತಿದ್ದ ಹಾಗೆ ಯಾರೂ ಒಂದು ಮೊಟ್ಟೆಯನ್ನೂ ಒಡೆದಿಲ್ಲ.

ಸಿಗಡಿ ಇರುವುದು ಮೀನಿಗೆ. ಅದೂ ಒಂದೇ ಮೀನಿಗೆ. ಬಾಗಲಕೋಟೆ ನವನಗರದ ನಮ್ಮ ಮನೆಯ ಹಾಲ್‌ನಲ್ಲಿ, ಟಿವಿ ಇರಬೇಕಾದ ಜಾಗದಲ್ಲಿ, ನಾಲ್ಕು ಅಡಿ ಉದ್ದದ ಟ್ಯಾಂಕ್ ಇದೆ. ಅದರಲ್ಲಿ ಒಂದು ಗೇಣೂ ಇಲ್ಲದ ಮೀನು. ಮನೆಗೆ ಬಂದವರು ಕೇಳುವ ಮೊದಲ ಪ್ರಶ್ನೆ, "ಇಷ್ಟು ದೊಡ್ಡ ಟ್ಯಾಂಕಿಗೆ ಇದೊಂದೇನಾ?" ಹೌದು, ಒಂದೇ. ಈ ಒಂದಕ್ಕೆ ಬಂದು ಮುಟ್ಟಲು ನನಗೆ ಮೂರು ವರ್ಷ ಹಿಡಿಯಿತು.

ಶುರುವಾಗಿದ್ದು ಎಲ್ಲರಿಗೂ ಆಗುವ ಹಾಗೇ. ಗಪ್ಪಿ, ಗೋಲ್ಡ್‌ಫಿಶ್ ಸಾಕಿ ಬೇಜಾರಾಗಿತ್ತು. ಬೇಟೆಯಾಡುವ ಮೀನು ಬೇಕು ಅನ್ನಿಸಿತು. ಅಂಗಡಿಯವರು ಇಂಥವನ್ನೆಲ್ಲ ಒಟ್ಟಿಗೆ 'ಮಾನ್‌ಸ್ಟರ್ ಫಿಶ್' ಅಂತ ಕರೆಯುತ್ತಾರೆ. ಬೇರೆ ಊರಿಗೆ ಹೋದಾಗ ಒಂದು ಅಂಗಡಿ ಹೊಕ್ಕೆ. ಮೂಲೆಯ ಟ್ಯಾಂಕಿನಲ್ಲಿ ಮೂರು ಇಂಚಿನ ರೆಡ್ ಟೇಲ್ ಕ್ಯಾಟ್‌ಫಿಶ್. ಬೆನ್ನು ಕಪ್ಪು, ಪಕ್ಕೆಯಲ್ಲಿ ಬಿಳಿ ಪಟ್ಟೆ, ಬಾಲ ಮಾತ್ರ ಕುಂಕುಮದಲ್ಲಿ ಅದ್ದಿ ತೆಗೆದ ಹಾಗೆ. ಗಾಜಿಗೆ ಬೆರಳು ಇಟ್ಟರೆ ಮೀಸೆ ಅಲ್ಲಾಡಿಸಿಕೊಂಡು ಬಂತು. ಅಷ್ಟೇ, ನಾನು ಸೋತೆ.

"ಎಷ್ಟು ದೊಡ್ಡದಾಗುತ್ತೆ?" ಅಂತ ಕೇಳಿದೆ.

"ಟ್ಯಾಂಕ್ ಎಷ್ಟೈತೋ ಅಷ್ಟ ಬೆಳೀತದ್ರೀ ಸರ್."

ಈ ಮಾತನ್ನು ನೀವೂ ಕೇಳಿರುತ್ತೀರಿ. ಮೀನಿಗೆ ಟ್ಯಾಂಕಿನ ಅಳತೆ ಗೊತ್ತಿರುವುದಿಲ್ಲ. ನೀರು ಕೆಟ್ಟು, ಜಾಗ ಸಾಲದೆ, ಅದು ಬೆಳೆಯಲಾಗದೆ ನರಳುತ್ತದೆ. ಅದನ್ನೇ ಅಂಗಡಿಯವರು ಟ್ಯಾಂಕಿಗೆ ತಕ್ಕಂತೆ ಬೆಳೆಯಿತು ಅನ್ನುತ್ತಾರೆ. ಅಮೆಜಾನಿನ ರೆಡ್ ಟೇಲ್ ಕ್ಯಾಟ್‌ಫಿಶ್ ಒಂದು ಮೀಟರ್ ದಾಟಿ ಬೆಳೆಯುವ ಮೀನು. ಅಂದರೆ ಹೆಚ್ಚು ಕಡಿಮೆ ನನ್ನ ಟ್ಯಾಂಕಿನಷ್ಟೇ ಉದ್ದ. ನಾನು ಅದನ್ನು ಪಾಲಿಥಿನ್ ಕವರಿನಲ್ಲಿ ಕಟ್ಟಿಸಿಕೊಂಡು, ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸಿನಲ್ಲಿ ಊರಿಗೆ ತಂದೆ.

ಟ್ಯಾಂಕಿನಲ್ಲಿ ಆಗಲೇ ಆರು ಟೈಗರ್ ಬಾರ್ಬ್ ಇದ್ದವು. ಕೆಲವು ವಾರ ಎಲ್ಲ ಸುಖವಾಗಿತ್ತು. ಒಂದು ಬೆಳಿಗ್ಗೆ ಎಣಿಸಿದರೆ ನಾಲ್ಕು. ಸತ್ತು ಬಿದ್ದಿದ್ದೂ ಇಲ್ಲ, ಹಾರಿ ಬಿದ್ದಿದ್ದೂ ಇಲ್ಲ. ಮರುದಿನ ಎರಡು. ಕ್ಯಾಟ್‌ಫಿಶ್ ಮಾತ್ರ ಮೂಲೆಯಲ್ಲಿ ಬಸುರಿಯ ಹೊಟ್ಟೆ ಹೊತ್ತು ಮಲಗಿತ್ತು. ಅದು ಜಗಳವಾಡಿ ಕೊಂದದ್ದಲ್ಲ. ಬಾಯಲ್ಲಿ ಹಿಡಿಯುವಷ್ಟು ಇದ್ದವು, ಹಿಡಿಸಿತು. ಅಂದಿನಿಂದ ಯಾವ ಮೀನು ನೋಡಿದರೂ ನಾನು ಬಣ್ಣ ಆಮೇಲೆ ನೋಡುತ್ತೇನೆ, ಮೊದಲು ಬಾಯಿ.

ಏಳು ತಿಂಗಳಿಗೆ ಅದು ಒಂದು ಅಡಿ ದಾಟಿತು. ತಿರುಗಬೇಕಾದರೆ ಬಾಲ ಗಾಜಿಗೆ ತಾಗುತ್ತಿತ್ತು. ನೀರು ಬದಲಿಸಿದ ಎರಡನೇ ದಿನವೇ ವಾಸನೆ. ಗೆಳೆಯನೊಬ್ಬ ಬಂದು ನೋಡಿ, "ಹಿನ್ನೀರಿಗೆ ಬಿಟ್ಟುಬಿಡೋ ಮಾರಾಯಾ, ಪುಣ್ಯಾ ಬರ್ತೈತಿ" ಅಂದ.

ಬಾಗಲಕೋಟೆಯವರಿಗೆ ಹಿನ್ನೀರು ಅಂದರೆ ಬರೀ ನೀರಲ್ಲ. ಆಲಮಟ್ಟಿ ಅಣೆಕಟ್ಟು ಪೂರ್ತಿ, ಅಂದರೆ ಸಮುದ್ರಮಟ್ಟದಿಂದ 519.6 ಮೀಟರ್‌ವರೆಗೆ, ತುಂಬಿದಾಗ ಘಟಪ್ರಭೆ ಹಿಂದಕ್ಕೆ ಒತ್ತಿಕೊಂಡು ಬಂದು ಹಳೇ ಊರಿನ ಓಣಿಗಳಲ್ಲಿ ನಿಲ್ಲುತ್ತದೆ. ನಮ್ಮಪ್ಪ ಚಿಣಿಫಣಿ ಆಡಿದ ಜಾಗದಲ್ಲಿ ಈಗ ಬಲೆ ಬೀಸುತ್ತಾರೆ. ಮುಳುಗಡೆಯಾದ ಊರಿನಿಂದ ಎದ್ದು ಬಂದವರಿಗಾಗಿಯೇ ನವನಗರ ಕಟ್ಟಿದ್ದು. ಆ ನೀರಿಗೆ ನಮ್ಮದು ಅಂತ ಏನಾದರೂ ಬಿಡುವುದು ನನಗೆ ಅಷ್ಟೊಂದು ತಪ್ಪು ಅನ್ನಿಸಲಿಲ್ಲ, ನಿಜ ಹೇಳಬೇಕಂದರೆ.

ಪೇಂಟಿನ ಬಕೆಟ್‌ನಲ್ಲಿ ಮೀನು ಹಾಕಿಕೊಂಡು, ಮೇಲೆ ಹಸಿ ಗೋಣಿ ಮುಚ್ಚಿ, ಸಂಜೆ ಐದೂವರೆಗೆ ನೀರಿನ ದಂಡೆಗೆ ಹೋದೆ. ಅಲ್ಲಿ ವಯಸ್ಸಾದವರೊಬ್ಬರು ಹರಿಗೋಲು ದಂಡೆಗೆ ಎಳೆದು ಬಲೆ ಬಿಡಿಸುತ್ತಿದ್ದರು. ಬಲೆಯಲ್ಲಿ ಬಹಳ ಇರಲಿಲ್ಲ. ನಾಲ್ಕೈದು ತಿಲಾಪಿಯಾ, ಒಂದು ಸಣ್ಣ ಕಟ್ಲಾ. ಅವರು ಎದ್ದು ಬಂದು ಗೋಣಿ ಸರಿಸಿ ನೋಡಿದರು.

"ಯಾವ ಮೀನ್ರೀ ಇದು?"

ಹೇಳಿದೆ.

"ಏನ್ ತಿಂತೈತಿ?"

"ಎಲ್ಲಾ ತಿಂತೈತಿ."

"ಹಂಗಾರ ನಮ್ಮ ಹೊಟ್ಟಿ ಮ್ಯಾಲ ಯಾಕ ಬಿಡಾಕ ಬಂದೀರಿ?"

ಸಿಟ್ಟು ಮಾಡಿಕೊಂಡು ಕೇಳಲಿಲ್ಲ. ಸುಮ್ನೆ ಕೇಳಿದರು. ಕೇಳಿ ಹೋಗಿ ಮತ್ತೆ ಬಲೆ ಬಿಡಿಸುತ್ತ ಕೂತರು. ನಾನು ಬಕೆಟ್ ಎತ್ತಿಕೊಂಡು ವಾಪಸ್ ಬಂದೆ.

2023ರ ಮೇ ತಿಂಗಳಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಕಳೆ ತೆಗೆಯುವಾಗ ಅಲಿಗೇಟರ್ ಗಾರ್ ಸಿಕ್ಕಿತು. ಮೊಸಳೆ ಮೂತಿಯ ಅಮೆರಿಕದ ಮೀನು. ಅಮೆರಿಕದಿಂದ ಕಾಶ್ಮೀರಕ್ಕೆ ಅದು ಈಜಿಕೊಂಡು ಬಂದಿಲ್ಲ ಅಲ್ವಾ? ಯಾರೋ ನನ್ನಂಥವನೇ ಬಕೆಟ್ ಹಿಡಿದುಕೊಂಡು ಹೋಗಿರಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಕಥೆಯೂ ಗೊತ್ತಿರುವುದೇ. ಅದನ್ನು ಸಾಕಬಾರದು ಅಂತ ನಿಷೇಧ ಬಂದು ಎಷ್ಟೋ ವರ್ಷವಾದರೂ ಹೊಳೆಗಳಿಂದ ಅದನ್ನು ತೆಗೆಯಲು ಆಗಿಲ್ಲ. ನನ್ನ ಕ್ಯಾಟ್‌ಫಿಶ್ ಕೊನೆಗೆ ಹುಬ್ಬಳ್ಳಿಗೆ ಹೋಯಿತು. ಅಲ್ಲಿ ಒಬ್ಬರು ಮನೆ ಹಿಂದೆ ದೊಡ್ಡ ಸಿಮೆಂಟ್ ತೊಟ್ಟಿ ಕಟ್ಟಿಸಿ ಇಂಥವನ್ನೇ ಸಾಕುತ್ತಾರೆ. ದುಡ್ಡು ಕೇಳಲಿಲ್ಲ. ಅವರು ಬೇಡ ಅನ್ನಲಿಲ್ಲವಲ್ಲ, ಅದೇ ದೊಡ್ಡದು.

ಖಾಲಿ ಟ್ಯಾಂಕ್ ಮುಂದೆ ಕೂತು ಆಗ ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿದ್ದ ಲೆಕ್ಕ. ನಾಲ್ಕು ಅಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರ. ಒಂಬತ್ತು ಘನ ಅಡಿ, ಅಂದರೆ 255 ಲೀಟರ್. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ 220 ಲೀಟರ್ ನೀರು. ಗಾಜು, ಸ್ಟ್ಯಾಂಡ್ ಎಲ್ಲ ಸೇರಿ ಮೂರು ಕ್ವಿಂಟಲ್ ಹತ್ತಿರ ತೂಕ. ಮನೆಯವರಿಗೆ ಇದು ಸಮುದ್ರ. ಬೇಟೆ ಮೀನಿಗೆ ಇದು ಒಂದು ಕೋಣೆ.

ಅಂಗಡಿಯಲ್ಲಿ ಎಲ್ಲರೂ ಉದ್ದ ಕೇಳುತ್ತಾರೆ. ನನ್ನ ಅನುಭವದಲ್ಲಿ ಅಗಲವೇ ಮುಖ್ಯ. ಅಗಲ ಹದಿನೆಂಟು ಇಂಚು ಇದ್ದರೆ ಹನ್ನೆರಡು ಇಂಚಿನ ಮೀನು ಆರಾಮಾಗಿ ತಿರುಗುತ್ತದೆ. ಅಗಲ ಒಂದೇ ಅಡಿ ಇದ್ದರೆ, ಟ್ಯಾಂಕ್ ಆರು ಅಡಿ ಉದ್ದವಿದ್ದರೂ ಅದೇ ಮೀನು ಓಣಿಯಲ್ಲಿ ಸಿಕ್ಕಿಕೊಂಡ ಲಾರಿ. ಈ ಒಂದು ಮಾತಿಗೆ ಅರ್ಧ ಮೀನುಗಳು ಪಟ್ಟಿಯಿಂದ ಬಿದ್ದವು. ಸಿಲ್ವರ್ ಅರೋವಾನಾ ಮೂರು ಅಡಿ ಹತ್ತಿರ ಬೆಳೆಯುತ್ತದೆ, ಬಿತ್ತು. ಎಲ್ಲರ ಮನೆಯಲ್ಲೂ 'ಶಾರ್ಕ್' ಅಂತ ಇರುವ ಆ ಬೂದು ಮೀನು ಇದೆಯಲ್ಲ, ಅದು ಪಂಗಾಸಿಯಸ್. ಮೆಕಾಂಗ್ ನದಿಯದು, ಅದೂ ಮೀಟರ್ ದಾಟುತ್ತದೆ. ಬಾಗಿಲು ಬಡಿದರೂ ಬೆಚ್ಚಿ ಗಾಜಿಗೆ ಮೂತಿ ಗುದ್ದಿಕೊಳ್ಳುತ್ತದೆ. ಅದೂ ಬಿತ್ತು. ಫ್ಲವರ್‌ಹಾರ್ನ್ ಅಳತೆಗೆ ಕೂರುತ್ತದೆ. ಆದರೆ ವಾಸ್ತುವಿಗೆ ಒಳ್ಳೆಯದು ಅಂತ ಹಣೆಯ ಗಡ್ಡೆ ನೋಡಿ ಸಾವಿರಗಟ್ಟಲೆ ಕೊಡುವುದು ನನಗೆ ಹಿಡಿಸಲಿಲ್ಲ. ಮಲೇಷ್ಯಾದಲ್ಲಿ ಮಿಶ್ರತಳಿ ಮಾಡಿ ಹುಟ್ಟಿಸಿದ ಮೀನು ನಮ್ಮ ಮನೆಯ ಈಶಾನ್ಯ ಮೂಲೆಗೆ ಏನು ಮಾಡೀತು? ಇಟ್ಟುಕೊಂಡವರು ಬೈಯಬೇಡಿ.

ಉಳಿದದ್ದು ಆಸ್ಕರ್. ಅದನ್ನು ತಂದೆ.

ಆಸ್ಕರ್ ಬಗ್ಗೆ ಒಂದು ಪುಸ್ತಕ ಬರೆಯಬಹುದು. ಬಾಲದ ಬುಡದಲ್ಲಿ ಕಿತ್ತಳೆ ಉಂಗುರ ಬರೆದ ಒಂದು ಕಪ್ಪು ಕಣ್ಣು. ಅದು ಸುಳ್ಳು ಕಣ್ಣು. ನಿಜದ ಕಣ್ಣು ನನ್ನನ್ನು ಗುರುತು ಹಿಡಿಯುತ್ತಿತ್ತು. ನಾನು ಬಂದರೆ ಗಾಜಿಗೆ ಬರುತ್ತಿತ್ತು, ಬೇರೆಯವರು ಬಂದರೆ ಹಿಂದೆ ಸರಿಯುತ್ತಿತ್ತು. ನಾನು ಚಂದ ಕಾಣಲಿ ಅಂತ ಜೋಡಿಸಿದ ಕಲ್ಲುಗಳನ್ನು ರಾತ್ರಿಯೆಲ್ಲ ಸರಿಸಿ ತನಗೆ ಬೇಕಾದ ಹಾಗೆ ಇಟ್ಟುಕೊಳ್ಳುತ್ತಿತ್ತು. ಥರ್ಮಾಮೀಟರ್ ಮೂರು ಸಲ ಕಿತ್ತು ಹಾಕಿತು. ಒಂದು ವರ್ಷಕ್ಕೆ ಹತ್ತು ಇಂಚು ಆಯಿತು. ಹತ್ತು ವರ್ಷ ಬದುಕುವ ಮೀನು ಅಂತ ಮಗಳಿಗೆ ಹೇಳಿದ್ದೆ. ನೀನು ಕಾಲೇಜಿಗೆ ಹೋಗುವಾಗಲೂ ಇರುತ್ತದೆ ಅಂದಿದ್ದೆ.

ಆ ಮೇ ತಿಂಗಳಲ್ಲಿ ಇಳಕಲ್ಲಿನಲ್ಲಿ ಒಂದು ಮದುವೆ. ನಾವೆಲ್ಲ ಹೋಗಿದ್ದೆವು. ರಾತ್ರಿ ಇಲ್ಲಿ ಗಾಳಿ ಎದ್ದು, ಎಲ್ಲೋ ಮರ ಬಿದ್ದು, ಕರೆಂಟ್ ಹೋಯಿತು. ಒಂಬತ್ತು ತಾಸು ಬರಲಿಲ್ಲ. ಮನೆಯಲ್ಲಿ ಇನ್ವರ್ಟರ್ ಇತ್ತು, ಆದರೆ ಟ್ಯಾಂಕಿನ ಪ್ಲಗ್ ಅದರ ಲೈನಿನಲ್ಲಿ ಇರಲಿಲ್ಲ. ಮಾಡಿಸೋಣ ಅಂತ ಎರಡು ತಿಂಗಳಿಂದ ಅಂದುಕೊಳ್ಳುತ್ತಿದ್ದೆ. ಬೆಳಿಗ್ಗೆ ಬಂದು ಬಾಗಿಲು ತೆಗೆದಾಗ ಮೀನು ಪಕ್ಕೆಗೆ ಬಿದ್ದಿತ್ತು. ಮಗಳು ಏನೂ ಕೇಳಲಿಲ್ಲ. ಅದೇ ಕಷ್ಟವಾಯಿತು.

ಆಗಿದ್ದೇನು ಅಂತ ಆಮೇಲೆ ಅರ್ಥವಾಯಿತು. 20 ಡಿಗ್ರಿಯ ಒಂದು ಲೀಟರ್ ನೀರು ಹೆಚ್ಚೆಂದರೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ನಮ್ಮ ಮೇ ತಿಂಗಳಲ್ಲಿ ಟ್ಯಾಂಕಿನ ನೀರು 32ಕ್ಕೆ ಹೋಗಿರುತ್ತದೆ. ನೀರು ಬಿಸಿಯಾದಷ್ಟೂ ಮೀನಿಗೆ ಉಸಿರು ಜಾಸ್ತಿ ಬೇಕು, ನೀರಿನಲ್ಲಿ ಕಡಿಮೆ ಇರುತ್ತದೆ. ಫಿಲ್ಟರ್ ನಿಂತರೆ ಆ ಕಡಿಮೆಯೂ ಮುಗಿಯುತ್ತದೆ. ಇದರ ಮೇಲೆ ನಮ್ಮ ಬೋರ್ ನೀರು. ಕಲಾದಗಿ, ಲೋಕಾಪುರ ಕಡೆಯೆಲ್ಲ ಸುಣ್ಣಕಲ್ಲಿನ ನೆಲ. ನೀರು ಕಾಸಿದರೆ ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ. ಅಂಥ ನೀರಿನ ಪಿಎಚ್, ಅಂದರೆ ಆಮ್ಲವೋ ಕ್ಷಾರವೋ ಅನ್ನುವ ಅಳತೆ, 8ರ ಆಚೆ ಈಚೆ. ಬೇಟೆ ಮೀನು ಮಾಂಸ ತಿಂದು ಬಿಡುವ ಅಮೋನಿಯಾ ಜಾಸ್ತಿ. ಪಿಎಚ್ 7ರಲ್ಲಿ ಅದರಲ್ಲಿ ನೂರಕ್ಕೆ ಒಂದು ಪಾಲು ಕೂಡ ವಿಷದ ರೂಪದಲ್ಲಿ ಇರುವುದಿಲ್ಲ. ಪಿಎಚ್ 8, ನೀರು 30 ಡಿಗ್ರಿ ಇದ್ದರೆ ಆ ಪಾಲು ಏಳರ ಹತ್ತಿರ ಹೋಗುತ್ತದೆ. ಅಷ್ಟೇ ಮೀನು, ಅಷ್ಟೇ ಹೊಲಸು, ಏಳೆಂಟು ಪಟ್ಟಿಗೂ ಹೆಚ್ಚು ವಿಷ. ಬೆಳಗಾವಿಯ ತಂಪಿನಲ್ಲಿ, ಮೆತ್ತನೆ ನೀರಿನಲ್ಲಿ ಆಸ್ಕರ್ ಸಾಕುವವರ ಮಾತು ಕೇಳಿ ನಾನು ಬಾಗಲಕೋಟೆಯಲ್ಲಿ ಸಾಕಿದ್ದೆ.

ಹಾಗಾಗಿ ಮೂರನೇ ಸಲ ಪ್ರಶ್ನೆಯನ್ನೇ ಬದಲಿಸಿದೆ. ಯಾವ ಮೀನು ಚಂದ ಅಂತ ಕೇಳಲಿಲ್ಲ. ನಮ್ಮೂರಿನ ಬೇಸಿಗೆ, ನಮ್ಮೂರಿನ ಕರೆಂಟ್, ನಮ್ಮ ಬೋರ್ ನೀರು, ಇವು ಮೂರನ್ನೂ ತಡೆದುಕೊಳ್ಳುವ ಬೇಟೆಗಾರ ಯಾರು ಅಂತ ಹುಡುಕಿದೆ. ಉತ್ತರ ಬೇಗ ಸಿಕ್ಕಿತು. ಗಾಳಿ ಉಸಿರಾಡುವ ಮೀನು ಬೇಕು.

ಅಂಗಡಿಯಲ್ಲಿ ಸಿಗುವುದರಲ್ಲಿ ಒಂದು ಬಿಚಿರ್. ಆಫ್ರಿಕಾದ ಸೆನೆಗಲ್ ಬಿಚಿರ್ ಟ್ಯಾಂಕಿನಲ್ಲಿ ಹೆಚ್ಚಾಗಿ ಒಂದು ಅಡಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಶ್ವಾಸಕೋಶ ಇದೆ, ಗಟ್ಟಿ ಜೀವ. ಮೊಬೈಲಿನಲ್ಲಿ ಅವ್ವನಿಗೆ ಫೋಟೋ ತೋರಿಸಿದೆ. "ಹಾವು ಮನ್ಯಾಗ ಬ್ಯಾಡ" ಅಂದಳು. ಮಾತು ಮುಗಿಯಿತು.

ಇನ್ನೊಂದು ಚನ್ನಾ. ಮರಾಠಿಯವರು ಮರಳ ಅನ್ನುತ್ತಾರೆ, ಮೀನುಗಾರಿಕೆ ಇಲಾಖೆಯವರು ಮುರೆಲ್ ಅನ್ನುತ್ತಾರೆ. ಇಂಗ್ಲಿಷಿನವರು ಅದಕ್ಕೆ ಹಾವಿನ ತಲೆ ಅಂತಲೇ ಹೆಸರಿಟ್ಟಿದ್ದಾರೆ. ಆ ವಿಷಯ ಅವ್ವನಿಗೆ ಹೇಳಲಿಲ್ಲ, ಈಗಲೂ ಹೇಳಿಲ್ಲ. ಇದರಲ್ಲೂ ಮೋಸ ಹೋಗುವುದು ಸುಲಭ. ಸಂತೆಯಲ್ಲಿ ತೂಕಕ್ಕೆ ಮಾರುವ ದೊಡ್ಡ ಮುರೆಲ್‌ನ ಮರಿಯನ್ನೇ ಅಕ್ವೇರಿಯಂ ಮೀನು ಅಂತ ಕೊಟ್ಟುಬಿಡುತ್ತಾರೆ. ಅದು ಮತ್ತೆ ಎರಡು ಮೂರು ಅಡಿ. ಅಸ್ಸಾಮಿನ ಬಾರ್ಕಾ ಅನ್ನುವ ಚನ್ನಾಗೆ ಕೊಡುವ ದುಡ್ಡಿನಲ್ಲಿ ಇಲ್ಲಿ ಒಂದು ಹಳೇ ಬೈಕ್ ಬರುತ್ತದೆ, ಅದೂ ಈ ಟ್ಯಾಂಕಿನಲ್ಲಿ ಹಿಡಿಸುವುದಿಲ್ಲ. ನನಗೆ ಬೇಕಾಗಿದ್ದು ಕುಳ್ಳ ಜಾತಿ. ಬ್ಲೆಹೆರಿ, ಆಂಡ್ರಾವೋ ಇವೆ, ಎರಡೂ ಈಶಾನ್ಯ ಭಾರತದ ಕಡೆಯವು, ಬೆರಳುದ್ದದ ರತ್ನಗಳು. ಆದರೆ ಅವು ಚಳಿಗಾಲದ ತಂಪು ಕಂಡ ಮೀನುಗಳು. ನಮ್ಮ ಏಪ್ರಿಲ್‌ಗೆ ಹೇಗೆ ತಂದು ಹಾಕಲಿ?

ಖಾನಾಪುರ ಕಡೆಯ ಗೆಳೆಯನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳುತ್ತಿದ್ದೆ. ಅವನು ನಕ್ಕ. "ನಮ್ಮ ಗದ್ದಿ ಕಾಲುವ್ಯಾಗ ಅದಾವಲ್ಲೋ" ಅಂದ. ಇದ್ದವು. ಚನ್ನಾ ಗಚುವಾ. ನಮ್ಮ ದೇಶದ ತೊರೆ, ಕಾಲುವೆ, ಗದ್ದೆಯಂಚಿನಲ್ಲಿ ಬಹಳ ಕಡೆ ಇರುವ ಸಾಮಾನ್ಯ ಮೀನು. ಹೆಚ್ಚೆಂದರೆ 20 ಸೆಂಟಿಮೀಟರ್. ಮಲಪ್ರಭೆ ಹುಟ್ಟುವ ಕಣಕುಂಬಿ ಅವನ ತಾಲ್ಲೂಕಿನಲ್ಲೇ ಇದೆ. ಆ ನೀರು ನಮ್ಮ ಜಿಲ್ಲೆಯ ಕೂಡಲಸಂಗಮಕ್ಕೆ ಬಂದು ಕೃಷ್ಣೆಗೆ ಸೇರುತ್ತದೆ. ಎಲ್ಲೆಲ್ಲಿಂದಲೋ ಮೀನು ತರಿಸಿದ ಮೇಲೆ, ಕೊನೆಗೆ ಹೊಳೆಯ ಮೇಲಿನ ಊರಿನಿಂದ ಒಂದನ್ನು ತಂದೆ.

ಹಳ್ಳದ ಮೀನು ಹುಳ, ಜಂತು ಹೊತ್ತು ತಂದಿರಬಹುದು ಅಂತ ಮೂರು ವಾರ ಬೇರೆ ಟಬ್‌ನಲ್ಲಿ ಇಟ್ಟೆ. ಮಣ್ಣಿನ ಬಣ್ಣದ ಒಂದು ಕಡ್ಡಿ, ಅಷ್ಟೇ ಕಾಣುತ್ತಿತ್ತು. ಇದಕ್ಕಾ ಇಷ್ಟು ಒದ್ದಾಡಿದ್ದು ಅನ್ನಿಸಿತು. ಟ್ಯಾಂಕಿಗೆ ಬಿಟ್ಟು, ಒಣಗಿದ ಬಾದಾಮಿ ಮರದ ಎಲೆ ನಾಲ್ಕು ಹಾಕಿ, ಲೈಟ್ ಕಡಿಮೆ ಮಾಡಿದೆ. ಎರಡು ವಾರಕ್ಕೆ ಬೆನ್ನಿನ ರೆಕ್ಕೆ ನೀಲಿಗೆ ತಿರುಗಿತು. ಅದರ ಅಂಚಿಗೆ ಇಳಕಲ್ ಸೀರೆಗೆ ದಡಿ ಹಿಡಿದ ಹಾಗೆ ಕಿತ್ತಳೆ ಗೆರೆ. ಎದೆಯ ರೆಕ್ಕೆಗಳು ಪಟ್ಟೆ ಪಟ್ಟೆ, ಬೀಸಣಿಗೆ ಥರ. ಈ ಮೀನು ಸುಮ್ನೆ ಈಜಾಡುವುದಿಲ್ಲ. ಎಲೆಯ ಕೆಳಗೆ ಕೂತು ನೋಡುತ್ತದೆ. ಎರಡೂ ಕಣ್ಣು ಬೇರೆ ಬೇರೆಯಾಗಿ ತಿರುಗುತ್ತವೆ. ಆಗಾಗ ಎದ್ದು ಬಂದು, ತುಟಿ ಮಾತ್ರ ನೀರಿನ ಮೇಲೆ ಇಟ್ಟು, ಒಂದು ಗುಟುಕು ಗಾಳಿ ತೆಗೆದುಕೊಂಡು, ಒಂದು ಗುಳ್ಳೆ ಬಿಟ್ಟು ಇಳಿಯುತ್ತದೆ. ಕಿವಿರಿನ ಮೇಲಿನ ಗೂಡಿನಲ್ಲಿ ಗಾಳಿ ಹಿಡಿದುಕೊಳ್ಳುವ ಮೀನು ಇದು. ನೀರಿನ ಮೇಲೆ ಗಾಳಿಗೆ ಜಾಗ ಬಿಡದೆ ಟ್ಯಾಂಕ್ ತುಂಬಿಸಿದರೆ ಇದು ನೀರಿನಲ್ಲೇ ಉಸಿರು ಕಟ್ಟಿ ಸಾಯುತ್ತದೆ.

ಹೆಸರು ಇಟ್ಟದ್ದು ಅವ್ವ. ನಾನು ಫೋನಿನಲ್ಲಿ ಚನ್ನಾ ಚನ್ನಾ ಅನ್ನುವುದು ಕೇಳಿ ಕೇಳಿ, ಒಂದು ದಿನ, "ನಿನ್ನ ಚೆನ್ನಪ್ಪ ಉಂಡನೇನೋ?" ಅಂದಳು.

ಉಣ್ಣುವುದೇ ದೊಡ್ಡ ಪ್ರಶ್ನೆ. ಕ್ಯಾಟ್‌ಫಿಶ್ ಇದ್ದಾಗ ನಾನು ವಾರಕ್ಕೊಮ್ಮೆ ಫೀಡರ್, ಅಂದರೆ ಬೇಟೆ ಮೀನಿಗೆ ತಿನ್ನಿಸಲೆಂದೇ ಮಾರುವ ಜೀವಂತ ಗೋಲ್ಡ್‌ಫಿಶ್ ತರುತ್ತಿದ್ದೆ, ಅವ್ವ ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆಗ ನಾನು ಪ್ರಕೃತಿ, ನಿಯಮ ಅಂತೆಲ್ಲ ಭಾಷಣ ಮಾಡಿದ್ದೆ. ಆಮೇಲೆ ತಿಳಿಯಿತು, ಫೀಡರ್ ಹಾಕುವುದು ಮೀನಿಗೂ ಒಳ್ಳೆಯದಲ್ಲ. ಒತ್ತೊತ್ತಾಗಿ ತುಂಬಿದ ಟ್ಯಾಂಕಿನಿಂದ ಬರುವ ಗೋಲ್ಡ್‌ಫಿಶ್ ರೋಗ ತರುತ್ತದೆ. ಅದರ ಮೈಯಲ್ಲಿ ಥಯಾಮಿನೇಸ್ ಅನ್ನುವ ಕಿಣ್ವ ಇದೆ, ಅದು ಬಿ1 ವಿಟಮಿನ್ ಒಡೆದು ಹಾಕುತ್ತದೆ. ಅದನ್ನೇ ತಿಂದು ಬೆಳೆದ ಬೇಟೆ ಮೀನು ಒಳಗೊಳಗೇ ಸೊರಗುತ್ತದೆ. ಅಂದರೆ ಅವ್ವ ಹೇಳಿದ್ದೇ ಸರಿ, ಕಾರಣ ಬೇರೆ.

ಚೆನ್ನಪ್ಪನಿಗೆ ಮೊದಲು ಎರೆಹುಳು. ಅದನ್ನು ತಿನ್ನುವುದು ನೋಡಬೇಕು. ಹುಳ ನೀರಿಗೆ ಬಿದ್ದ ಕೂಡಲೇ ಹಾರಿ ಬರುವುದಿಲ್ಲ. ಮೈ ಎಸ್ ಆಕಾರಕ್ಕೆ ಮಡಚಿ, ರೆಕ್ಕೆ ಮಾತ್ರ ಅಲ್ಲಾಡಿಸುತ್ತ ಒಂದೊಂದೇ ಇಂಚು ಹತ್ತಿರ ಬರುತ್ತದೆ. ಆಮೇಲೆ ಟಪ್ ಅಂತ ಒಂದು ಸದ್ದು. ಹುಳ ಎಲ್ಲಿ ಹೋಯಿತು ಅಂತ ಕಾಣುವುದಿಲ್ಲ. ಹುಳದ ಜೊತೆ ಸಿಗಡಿ ಚೂರು, ಸಿಗಡಿ ಜೊತೆ ಪೆಲೆಟ್, ಹೀಗೆ ಎರಡು ತಿಂಗಳು ಹಿಡಿದು ಕಾಳು ತಿನ್ನಲು ಕಲಿಸಿದೆ. ಅವ್ವನಿಗೆ ಸಮಾಧಾನವಾಯಿತು. "ಕಾಳು ತಿಂತಾನ, ಶಾಣ್ಯಾ" ಅಂದಳು. ಒಂದು ಸಂಜೆ ಪೆಲೆಟ್ ಡಬ್ಬಿ ಕೈಗೆ ತೆಗೆದುಕೊಂಡು, "ಇದರಾಗ ಏನೇನು ಹಾಕಿರ್ತಾರ?" ಅಂತ ಕೇಳಿದಳು. ಹಿಂದೆ ಬರೆದದ್ದನ್ನು ಓದಿದೆ. ಮೊದಲ ಹೆಸರೇ ಮೀನಿನ ಪುಡಿ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವ್ವ ಡಬ್ಬಿಯನ್ನು ಮೆಲ್ಲಗೆ ಟೇಬಲ್ ಮೇಲೆ ಇಟ್ಟಳು.

ಆಮೇಲೆ ಕರಾರು ಆಯಿತು. ಸಿಗಡಿಗೆ ಬೇರೆ ಚಾಕು, ಬೇರೆ ತಟ್ಟೆ. ಹೆಚ್ಚುವುದು, ತೊಳೆಯುವುದು ಹಿತ್ತಲಿನ ನಲ್ಲಿಯಲ್ಲಿ. ಸೋಮವಾರ ಸಿಗಡಿ ಡಬ್ಬಿ ತೆಗೆಯುವಂತಿಲ್ಲ. ಶ್ರಾವಣ ಪೂರ್ತಿ ತೆಗೆಯುವಂತಿಲ್ಲ. ನಾನು ಒಪ್ಪಿದೆ, ಒಳಗೊಳಗೇ ಖುಷಿಯಾಯಿತು. ಬೇಟೆ ಮೀನಿಗೆ ವಾರದಲ್ಲಿ ಒಂದು ದಿನ ಉಪವಾಸ ಇರಲಿ ಅಂತ ಸಾಕುವವರೇ ಹೇಳುತ್ತಾರೆ. ನಮ್ಮ ಚೆನ್ನಪ್ಪ ಸೋಮವಾರ ಮಾಡುತ್ತಾನೆ, ಅಷ್ಟೇ.

ಬೇಸಿಗೆಗೆ ಒಂದು ಉಪಾಯ ಸಿಕ್ಕಿದೆ. ನೀರಿನ ಮೇಲ್ಮೈಗೆ ಗಾಳಿ ತಾಗುವ ಹಾಗೆ ಸಣ್ಣ ಟೇಬಲ್ ಫ್ಯಾನ್ ಇಟ್ಟರೆ ನೀರು ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಣ್ಣಿನ ಗಡಿಗೆ ತಂಪಾಗುವ ಲೆಕ್ಕವೇ. ನಮ್ಮದು ಒಣ ಹವೆ, ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಆರಿ ಹೋದ ನೀರಿನ ಬದಲಿಗೆ ಬೋರ್ ನೀರೇ ಹಾಕುತ್ತ ಹೋದರೆ ಉಪ್ಪು, ಸುಣ್ಣ ಟ್ಯಾಂಕಿನಲ್ಲೇ ಉಳಿದು ಗಟ್ಟಿಯಾಗುತ್ತದೆ. ಅದಕ್ಕೆ ಆರ್‌ಒ ನೀರು ಬೇಕು. ಪ್ಲಗ್ ಕೂಡ ಈಗ ಇನ್ವರ್ಟರ್ ಲೈನಿನಲ್ಲಿದೆ.

ಫ್ಯಾನ್ ಇಡಲು ಮುಚ್ಚಳವನ್ನು ನಾಲ್ಕು ಬೆರಳು ಸರಿಸಿದ್ದೆ. ಅದೇ ತಪ್ಪಾಯಿತು. ಚನ್ನಾ ಹಾರುವ ಮೀನು ಅಂತ ಗೊತ್ತಿದ್ದೂ ಸರಿಸಿದ್ದೆ. ಕಳೆದ ಏಪ್ರಿಲ್‌ನಲ್ಲಿ ಒಂದು ದಿನ ಬೆಳಿಗ್ಗೆ ಐದಕ್ಕೆ ಅವ್ವ ಅಂಗಳಕ್ಕೆ ನೀರು ಹಾಕಲು ಎದ್ದಿದ್ದಾಳೆ. ಹಾಲ್‌ನಲ್ಲಿ ಚಪ್ಪಲಿ ಸ್ಟ್ಯಾಂಡ್ ಹತ್ತಿರ ಏನೋ ಮಿಸುಕಿದೆ. ಮೈಗೆಲ್ಲ ಧೂಳು, ಕೂದಲು ಹತ್ತಿಸಿಕೊಂಡು ಚೆನ್ನಪ್ಪ ಬಾಗಿಲ ಕಡೆ ಹೊರಟಿದ್ದ. ಮೈ ಹಸಿ ಇರುವವರೆಗೆ ಈ ಮೀನು ಹೊರಗೆ ಬಹಳ ಹೊತ್ತು ತಡೆಯುತ್ತದೆ. ನಾನು ಸದ್ದು ಕೇಳಿ ಎದ್ದು ಬರುವಷ್ಟರಲ್ಲಿ ಅವ್ವ ಅಡುಗೆಮನೆಯಿಂದ ಮೊರ ತಂದಾಗಿತ್ತು. ಜೋಳ ಹಸನು ಮಾಡುವ ಮೊರ. ಒಂದು ಕೈಯಲ್ಲಿ ಮೊರ, ಇನ್ನೊಂದು ಕೈಯಲ್ಲಿ ಕಸಬರಿಗೆ. "ಬಾರೋ, ಬಾರೋ ನಮ್ಮಪ್ಪ" ಅನ್ನುತ್ತ ಅವನನ್ನು ಮೊರಕ್ಕೆ ಏರಿಸಿಕೊಂಡು, ಟ್ಯಾಂಕಿನ ಹತ್ತಿರ ಹೋಗಿ, ಹಿಟ್ಟು ಸುರಿದ ಹಾಗೆ ಸುರಿದಳು. ಅವನು ಎಲೆಯ ಕೆಳಗೆ ಹೋಗಿ ಕೂತ. ಒಂದು ನಿಮಿಷ ಬಿಟ್ಟು ಮೇಲೆ ಬಂದು ಗುಟುಕು ಗಾಳಿ ತೆಗೆದುಕೊಂಡ.

ಅವ್ವ ಮೊರವನ್ನು ಮೂರು ಸಲ ತೊಳೆದು ಬಿಸಿಲಿಗೆ ಹಾಕಿದಳು. ಆಮೇಲೆ ಸ್ನಾನ ಮಾಡಿದಳು. ಮಧ್ಯಾಹ್ನ ನಾನು ಆಫೀಸಿನಿಂದ ಊಟಕ್ಕೆ ಬಂದಾಗ ಟ್ಯಾಂಕಿನ ಮುಚ್ಚಳ ಪೂರ್ತಿ ಹಾಕಿತ್ತು. ಅದರ ಮೇಲೆ, ನಮ್ಮಜ್ಜಿಯ ಕಾಲದಿಂದ ಹಿತ್ತಲಲ್ಲಿ ಬಿದ್ದಿದ್ದ ಒರಳಿನ ಗುಂಡುಕಲ್ಲು ಇತ್ತು. ಮುಚ್ಚಳಕ್ಕೆ ಜಾಲರಿ ಮಾಡಿಸಿ ಫ್ಯಾನ್ ಗಾಳಿ ಒಳಗೆ ಹೋಗುವ ಹಾಗೆ ಮಾಡಿದ್ದೇನೆ, ಕಲ್ಲು ಇನ್ನೂ ಅಲ್ಲೇ ಇದೆ. ಫ್ರೀಜರ್‌ನ ಡಬ್ಬಿಯನ್ನು ಮಾತ್ರ ಈಗಲೂ ನಾನೇ ತೆಗೆಯಬೇಕು.